ಆಷಾಢದ ಗಾಳಿಯಲ್ಲಿ ಒಂಟಿಯಾದ ನರಿಮರಿ: ಮಕ್ಕಳ ಕಥೆಯೊಂದನ್ನು ತಿದ್ದೋಣ ಬನ್ನಿ

ತಂಗಡಿಹೂ (ಮಧುಗಿರಿ)

ಏಳರಿಂದ ಒಂಬತ್ತು ವರ್ಷದ ಮಕ್ಕಳಿಗಾಗಿ ಬರೆಯುತ್ತಿರುವ ಕಥೆ ಇದು. ನಾಯಕ ಕೆಂಚ ಎಂಬ ನರಿಮರಿ. ಜಾಗ ನಮ್ಮ ತಾಲ್ಲೂಕಿನ ಮೈದನಹಳ್ಳಿ ಬಯಲು: ಜಯಮಂಗಲಿ ಕೃಷ್ಣಮೃಗ ಮೀಸಲಿನ 798 ಎಕರೆ, ಜೊತೆಗೆ ಅದರ ಅಂಚಿನ ಹೊಲಗಳು. ಸದ್ಯದ ಕರಡು ಹೀಗಿದೆ. ಯುಗಾದಿ ಹೊತ್ತಿಗೆ ಆರು ವಾರದ ಕೆಂಚ ತಾಯಿಯಿಂದ ಅಗಲುತ್ತಾನೆ. ಬೇಸಿಗೆಯಿಡೀ ಒಬ್ಬನೇ ಇಲಿ ಹಿಡಿದು ಬದುಕುತ್ತಾನೆ. ರಾತ್ರಿ ಬಂಡೆ ಹತ್ತಿ ಚಂದ್ರನ ಕಡೆ ನೋಡಿ ಊಳಿಡುತ್ತಾನೆ. ಬೆನ್ನಟ್ಟಿದ ನಾಯಿಗಳನ್ನು ಉಪಾಯದಿಂದ ಬಾವಿಗೆ ಬೀಳಿಸುತ್ತಾನೆ. ಮಳೆಗಾಲ ಮುಗಿದ ಮೇಲೆ ತಾಯಿ ಸಿಗುತ್ತಾಳೆ. ಒಟ್ಟು 3,400 ಪದ. ಪ್ರಾಣಿಯ ಬದುಕಿನಲ್ಲಿ ಎಲ್ಲೆಲ್ಲಿ ತಪ್ಪಿದೆ, ಪುಸ್ತಕವಾಗಿ ಎಲ್ಲಿ ಭಾರವಾಗಿದೆ, ಬಲ್ಲವರು ಹೇಳಬೇಕು. ಮುಲಾಜು ಬೇಡ.

ಬಂಡೆಸಾಲು (ಪಾವಗಡ)

ಅಕ್ಕ, ಮೊದಲು ಯಾವ ನರಿ ಅನ್ನೋದು ತೀರ್ಮಾನ ಆಗಲಿ. ನಮ್ಮ ಬಯಲಿನಲ್ಲಿ ಎರಡಿವೆ. ಒಂದು ಎಂಟು-ಹತ್ತು ಕಿಲೋ ತೂಗುವ, ಗುಂಪಾಗಿ ಊಳಿಡುವ ದೊಡ್ಡದು. ಇನ್ನೊಂದು ಎರಡು-ಮೂರು ಕಿಲೋದ ಸಣ್ಣದು: ಬೂದುಗೆಂಪು ಮೈ, ತೆಳ್ಳನೆ ಕಾಲು, ದೊಡ್ಡ ಕಿವಿ, ಪೊದೆಬಾಲ, ಬಾಲದ ತುದಿ ಕಪ್ಪು. ಇವೆರಡರ ಹೆಸರು ಊರಿಂದೂರಿಗೆ ಅದಲುಬದಲಾಗುತ್ತದೆ, ಆದ್ದರಿಂದ ಹೆಸರು ನಂಬಬೇಡಿ, ಬಾಲ ನೋಡಿ. ಕೆಂಚ ಅನ್ನೋ ಹೆಸರಿಗೂ ಒಂಟಿ ಬದುಕಿನ ಕಥೆಗೂ ಸಣ್ಣದೇ ಸರಿ. ಆದರೆ ಸಣ್ಣದು ಊಳಿಡುವುದಿಲ್ಲ. ಅದರ ಕೂಗು ಕಚಕಚ ಅನ್ನುವ ಚೀರು, ಮಧ್ಯೆ ಮಧ್ಯೆ ಸಣ್ಣ ಬೊಗಳು. ಹಾಗಾಗಿ ಬಂಡೆ, ಚಂದ್ರ, ಊಳು, ಮೂರೂ ಹೋಗಬೇಕು. ಚಂದ್ರ ಬೇಕೇ ಬೇಕಾದರೆ ಬೇರೆ ಕೆಲಸಕ್ಕೆ ಬರುತ್ತಾನೆ: ಬೆಳದಿಂಗಳು ಜೋರಾಗಿದ್ದ ರಾತ್ರಿ ಇಲಿಗಳು ಬಿಲ ಬಿಟ್ಟು ದೂರ ಹೋಗುವುದು ಕಮ್ಮಿ. ಹುಣ್ಣಿಮೆಯಂದು ಕೆಂಚನ ಹೊಟ್ಟೆ ಖಾಲಿ. ಚಂದ್ರನನ್ನು ಅವನು ಹಸಿದು ನೋಡಲಿ.

ಎರಡನೆಯದು ವಯಸ್ಸು. ಕಥೆಯ ಬುಡವೇ ಅಲ್ಲಿ ಅಲ್ಲಾಡುತ್ತಿದೆ. ಈ ನರಿ ಜೋಡಿಯಾಗುವುದು ಡಿಸೆಂಬರ್-ಜನವರಿಯಲ್ಲಿ, ಗಬ್ಬ ಸುಮಾರು 50 ದಿನ, ಮರಿ ಹುಟ್ಟುವುದು ಫೆಬ್ರವರಿ-ಮಾರ್ಚ್‌ನಲ್ಲಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು. ಆರು ವಾರಕ್ಕೆ ಮರಿ ಬಿಲದ ಬಾಯಿಗೆ ಬಂದು ಆಡುತ್ತದೆ ಅಷ್ಟೆ, ಇನ್ನೂ ಹಾಲು ಕುಡಿಯುತ್ತಿರುತ್ತದೆ. ಜೀರುಂಡೆ, ಮಿಡತೆ ಹಿಡಿದೀತು, ಇಲಿ ಹಿಡಿಯಲಾರದು. ಏಪ್ರಿಲ್ ಬಿಸಿಲಲ್ಲಿ ಆ ಮರಿ ಒಂಟಿಯಾದರೆ ನಾಲ್ಕನೇ ಪುಟಕ್ಕೆ ಕಥೆ ಮುಗಿಯುತ್ತದೆ. ಮತ್ತೆ, ಅಪ್ಪನನ್ನು ಮರೆತಿದ್ದೀರಿ. ಇವುಗಳಲ್ಲಿ ಗಂಡೂ ಮರಿಗಳಿಗೆ ಆಹಾರ ತರುತ್ತದೆ, ಬಿಲ ಕಾಯುತ್ತದೆ. ತಾಯಿಯೊಂದು ಇಲ್ಲವಾದ ಮಾತ್ರಕ್ಕೆ ಮರಿ ಒಂಟಿಯಾಗುವುದಿಲ್ಲ.

ನಾಲ್ಕರಿಂದ ಐದು ತಿಂಗಳಿಗೆ ಮರಿಗಳು ತಾವಾಗಿಯೇ ಚದುರುತ್ತವೆ. ಮಾರ್ಚ್ ಮೊದಲ ವಾರ ಹುಟ್ಟಿದ ಕೆಂಚನಿಗೆ ಅದು ಜುಲೈ ಕೊನೆ. ಕಥೆ ಅಲ್ಲಿಂದ ಶುರುವಾಗಲಿ.

ಕೆರೆಕೋಡಿ (ಗೌರಿಬಿದನೂರು)

ವಯಸ್ಸಿನ ಮಾತು ಒಪ್ಪುತ್ತೇನೆ ಅಣ್ಣ. ಆದರೆ ಹಾಗಾದರೆ ಕಥೆಗೆ ಎದೆಬಡಿತ ಎಲ್ಲಿಂದ ಬರಬೇಕು? ತಾಯಿ ಸತ್ತರೆ ಮಗು ಪುಟ ತಿರುಗಿಸುತ್ತದೆ. ತಾನೇ ಎದ್ದು ಹೋದ ಮರಿಗೆ ಯಾರು ಮರುಗುತ್ತಾರೆ?

ಬಂಡೆಸಾಲು (ಪಾವಗಡ)

ಸಾವಿಲ್ಲದೆಯೂ ಅಗಲಿಕೆ ಗಟ್ಟಿಯಾಗಿ ಬರುತ್ತದೆ. ತಾಯಿ ತಂದ ಇಲಿಯನ್ನು ಮೊದಲಿನ ಹಾಗೆ ಬಿಲದ ಬಾಯಲ್ಲಿ ಬಿಡುವುದಿಲ್ಲ, ತಾನೇ ತಿನ್ನುತ್ತಾಳೆ. ಮರುದಿನ ಮರಿ ಹತ್ತಿರ ಬಂದರೆ ಹಲ್ಲು ತೋರಿಸುತ್ತಾಳೆ. ಒಂದು ಮುಂಜಾನೆ ಬಿಲದಲ್ಲಿ ಯಾರೂ ಇಲ್ಲ, ಹುಲ್ಲಿನಲ್ಲಿ ಅಮ್ಮನ ವಾಸನೆ ಇದೆ, ಗಾಳಿ ಅದನ್ನೂ ಹೊತ್ತು ಹೋಗುತ್ತಿದೆ. ಎಂಟು ವರ್ಷದ ಮಗುವಿಗೆ ಇದು ಸಾವಿಗಿಂತ ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ಬಯ್ಯುವ ಅಮ್ಮನನ್ನು ಅದು ದಿನಾ ನೋಡುತ್ತದೆ. ತಾಯಿ ಯಾಕೆ ಹಲ್ಲು ತೋರಿಸಿದಳು ಅಂತ ಕಥೆಗಾರ ವಿವರಿಸಬಾರದು. ಕೆಂಚನಿಗೇ ಗೊತ್ತಿಲ್ಲದ್ದನ್ನು ನಾವು ಹೇಳಿದರೆ ಮಗು ಕೆಂಚನ ಪಕ್ಕ ಬಿಟ್ಟು ನಮ್ಮ ಪಕ್ಕ ಬಂದು ಕೂರುತ್ತದೆ.

ಜಾಲಿನೆರಳು (ಸಿರಾ)

ಜುಲೈ ಕೊನೆ ಅಂದರೆ ಆಷಾಢ. ಈ ಕಥೆಗೆ ಅದಕ್ಕಿಂತ ಒಳ್ಳೆಯ ಕಷ್ಟ ಸಿಗುವುದಿಲ್ಲ, ದಯವಿಟ್ಟು ಬಿಟ್ಟುಕೊಡಬೇಡಿ. ಆ ದೊಡ್ಡ ಕಿವಿ ಇರುವುದು ಹುಲ್ಲಿನೊಳಗಿನ ಸರಸರ ಕೇಳಿಸಿಕೊಳ್ಳಲು. ಆಷಾಢದ ಗಾಳಿಯಲ್ಲಿ ಇಡೀ ಬಯಲೇ ಸರಸರ ಅನ್ನುತ್ತಿರುತ್ತದೆ. ಇಲಿ ಯಾವುದು, ಹುಲ್ಲು ಯಾವುದು ಗೊತ್ತಾಗದು. ಮರಿ ಹಾರುತ್ತದೆ, ಕಾಲಡಿಯಲ್ಲಿ ಬರೀ ಹುಲ್ಲು. ಮತ್ತೆ ಹಾರುತ್ತದೆ, ಮತ್ತೆ ಹುಲ್ಲು. ಹಾಗಾಗಿ ಮೊದಲ ವಾರದ ಸೋಲು ಕೆಂಚನ ದಡ್ಡತನದಿಂದ ಬಂದದ್ದಲ್ಲ, ಗಾಳಿಯಿಂದ ಬಂದದ್ದು. ಗಾಳಿ ಕೊಂಚ ತಗ್ಗುವುದು ಬೆಳಗಿನ ಜಾವ. ಅಷ್ಟನ್ನು ಅವನು ಕಂಡುಕೊಂಡರೆ ಕಥೆಯ ಮೊದಲ ಗೆಲುವು ಸಿಕ್ಕಿತು.

ಗಾಳಿ ಪಡುವಣದಿಂದ ಬೀಸುತ್ತದೆ. ವಾಸನೆ ಹಿಡಿಯುವ ಪ್ರಾಣಿ ಗಾಳಿಗೆ ಎದುರಾಗಿ ನಡೆಯುತ್ತದೆ, ಅಂದರೆ ಕೆಂಚ ಬೇಟೆಯಾಡುತ್ತಾ ಪಡುವಣಕ್ಕೇ ಸರಿಯುತ್ತಾ ಹೋಗುತ್ತಾನೆ. ಇದನ್ನು ಹಿಡಿದರೆ ನಿಮಗೆ ನಕ್ಷೆ ಸಿಗುತ್ತದೆ: ಹುಟ್ಟಿದ ಬಿಲ ಮೂಡಣದಲ್ಲಿ, ಕಥೆ ಮುಗಿಯುವ ಜಾಗ ಪಡುವಣದಲ್ಲಿ. ಐದಾರು ಕಿಲೋಮೀಟರ್ ಸಾಕು, ಸಣ್ಣ ಕಾಲಿಗೆ ಅದೇ ದೇಶಾಂತರ. ಬೆಟ್ಟ ಹತ್ತಿಸಬೇಡಿ. ಇದು ಬಯಲಿನ ಪ್ರಾಣಿ, ದಟ್ಟ ಕಾಡು ಅದಕ್ಕೆ ಒಗ್ಗದು.

ಊಟದ ಲೆಕ್ಕವನ್ನು ಮಳೆ ನಕ್ಷತ್ರಕ್ಕೆ ಕಟ್ಟಿ, ಮನೆಯಲ್ಲಿ ಓದಿ ಹೇಳುವ ಅಜ್ಜ-ಅಜ್ಜಿಗೆ ಕೂಡಲೇ ಹಿಡಿಯುತ್ತದೆ. ಪುನರ್ವಸು, ಪುಷ್ಯದಲ್ಲಿ (ಜುಲೈ 6ರಿಂದ ಆಗಸ್ಟ್ 2ರ ಆಸುಪಾಸು) ನಮ್ಮ ಕಡೆ ಮೋಡವೇ ಹೆಚ್ಚು, ಹನಿ ಕಮ್ಮಿ. ಆಗ ಸಿಗುವುದು ಉದುರಿದ ಬೇವಿನ ಹಣ್ಣಿನ ಕೊನೆಯ ಪಾಲು, ಮಿಡತೆ, ಸಗಣಿ ಹುಳ. ಒಣಗಿದ ಸಗಣಿ ಬೆರಟಿಯನ್ನು ಮೂತಿಯಿಂದ ಮಗುಚಿದರೆ ಅಡಿಯಲ್ಲಿ ಹುಳವಿರುತ್ತದೆ. ಮಕ್ಕಳಿಗೆ ಇದು ತುಂಬ ಹಿಡಿಸುವ ವಿವರ, ಒಂದು ಪುಟ ಕೊಡಿ. ಹದ ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆ ಗೆದ್ದಲು, ಈಸಲು, ಏಳುತ್ತದೆ. ಅದು ಬಯಲಿಗೆಲ್ಲಾ ಹಬ್ಬ: ಕಾಗೆ, ಹದ್ದು, ಓತಿಕ್ಯಾತ, ಕಪ್ಪೆ, ನರಿ, ಎಲ್ಲಕ್ಕೂ ಒಂದೇ ಪಂಕ್ತಿ. ಆದರೆ ದಿನಾ ಏಳುವುದಿಲ್ಲ, ಒಂದೆರಡು ಸಂಜೆಯಷ್ಟೆ. ಇಡೀ ತಿಂಗಳು ಈಸಲು ತಿನ್ನಿಸಿದರೆ ಸುಳ್ಳಾಗುತ್ತದೆ.

ನಿಜವಾದ ಮಳೆ ಇಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನದು, ಉತ್ತರೆ, ಹಸ್ತ, ಚಿತ್ತೆ. ಆಗ ಹುಳ, ಕಪ್ಪೆ, ಹಲ್ಲಿ ಧಾರಾಳ. ಅಕ್ಟೋಬರ್-ನವೆಂಬರ್‌ಗೆ ಕಡಲೆಕಾಯಿ ಕೀಳುತ್ತಾರೆ. ಉಳಿದ ಕಾಯಿಗೆ ಇಲಿ ಸೇರುತ್ತವೆ, ಇಲಿಗೆ ನರಿ. ಅದಾದ ಮೇಲೆ ರಾಗಿ ಕೊಯ್ಲು, ಚಳಿ, ಎಲಚಿ ಹಣ್ಣು. ಜುಲೈನಿಂದ ಡಿಸೆಂಬರ್‌ವರೆಗೆ ಕಥೆ ಹರಡಿದರೆ ಹಸಿವಿನಿಂದ ತುಂಬುವವರೆಗೆ ತಾನಾಗಿ ಏರುತ್ತದೆ. ನಿಮ್ಮ ಕರಡಿನಲ್ಲಿ ಜೂನ್ ಬಂದ ಕೂಡಲೇ ಹಳ್ಳ ತುಂಬಿ ಹರಿಯುತ್ತದೆ. ಅದು ಮಲೆನಾಡಿನ ಜೂನ್, ಮಧುಗಿರಿಯದಲ್ಲ.

ತಂಗಡಿಹೂ (ಮಧುಗಿರಿ)

ಎಲ್ಲರಿಗೂ ಕೈಮುಗಿದೆ. ಆಷಾಢದಿಂದ ಶುರುಮಾಡಿ ಮೊದಲ ಬೇಟೆಯನ್ನು ಹೊಸದಾಗಿ ಬರೆದಿದ್ದೇನೆ: “ಕೆಂಚ ಇಲಿಯನ್ನು ಕಂಡ. ಬಾಣದಂತೆ ಓಡಿದ. ಇಲಿ ಓಡಿತು. ಕೆಂಚ ಇನ್ನೂ ಜೋರಾಗಿ ಓಡಿ ಅದನ್ನು ಹಿಡಿದ.” ಇದು ಸರಿಯಾ?

ಜಾಲಿನೆರಳು (ಸಿರಾ)

ಇದು ನಾಯಿ ಬೇಟೆ ಅಕ್ಕ. ನರಿ ಇಲಿಯನ್ನು ಓಡಿಸಿ ಹಿಡಿಯುವುದಿಲ್ಲ. ಓಡಿಸಿದರೆ ಇಲಿ ಗೇಣು ದೂರದ ಬಿಲಕ್ಕೆ ನುಗ್ಗಿಬಿಡುತ್ತದೆ. ಕ್ರಮ ಹೀಗೆ: ಗಾಳಿಗೆ ಮುಖ ಮಾಡಿ ನಿಧಾನ ನಡೆ. ಸದ್ದು ಬಂದರೆ ನಿಲ್ಲುವುದು, ಮುಂಗಾಲೊಂದು ಎತ್ತಿದ ಹಾಗೇ. ಎರಡೂ ಕಿವಿ ಮುಂದಕ್ಕೆ. ತಲೆ ಕೊಂಚ ಆ ಕಡೆ, ಕೊಂಚ ಈ ಕಡೆ, ಸದ್ದಿನ ಜಾಗ ಗುರುತಾಗುವವರೆಗೆ. ಆಮೇಲೆ ಹಿಂಗಾಲು ಮಡಚಿ, ಮೇಲಕ್ಕೆ ಹಾರಿ, ಎರಡೂ ಮುಂಗಾಲು ಜೋಡಿಸಿ ಮೇಲಿನಿಂದ ಅದುಮುವುದು. ಕೊನೆಗೆ ಬಾಯಿ. ಮರಿ ತಪ್ಪುವುದು ಎರಡು ಕಡೆ. ಒಂದು, ಕಿವಿ ತೀರ್ಮಾನಿಸುವ ಮೊದಲೇ ಹಾರುವುದು. ಇನ್ನೊಂದು, ಅದುಮಿದ ಮೇಲೆ ಹಿಡಿದದ್ದು ಏನು ಅಂತ ನೋಡಲು ಕಾಲೆತ್ತುವುದು. ಕಾಲೆತ್ತಿದ ಕೂಡಲೇ ಇಲಿ ಪರಾರಿ. ಎರಡನೆಯದನ್ನು ಖಂಡಿತ ಹಾಕಿ, ಯಾವ ಮಗು ಆದರೂ ಹಾಗೇ ಮಾಡುತ್ತದೆ.

ಬಯಲಲ್ಲಿ ಸಿಗುವ ದೊಡ್ಡ ಇಲಿಗೆ ಬಾಲದ ತುದಿಯಲ್ಲಿ ಕುಚ್ಚಿರುತ್ತದೆ, ಕುಪ್ಪಳಿಸುತ್ತದೆ, 100 ಗ್ರಾಂ ಮೀರಿ ತೂಗುತ್ತದೆ. ಎರಡು ಕಿಲೋ ಮುಟ್ಟದ ಕೆಂಚನಿಗೆ ಅದೊಂದು ಭರ್ಜರಿ ಊಟ. ಅದನ್ನು ಮೊದಲ ತಿಂಗಳೇ ಹಿಡಿಸಬೇಡಿ. ಆಗಸ್ಟ್ ಪೂರ್ತಿ ಹುಳ ಮತ್ತು ಸುಂಡಿಲಿ, ದೊಡ್ಡಿಲಿ ಕಡಲೆಕಾಯಿ ಕಾಲಕ್ಕೆ.

ಇನ್ನೊಂದು: ನೆಲಗಪ್ಪೆ. ಮೈಯೆಲ್ಲಾ ಗುಳ್ಳೆಯಿರುವ ಆ ಕಪ್ಪೆಯ ಕಣ್ಣಿನ ಹಿಂದಿನ ಉಬ್ಬಿನಲ್ಲಿ ವಿಷದ ಹಾಲಿದೆ. ಕಚ್ಚಿದ ನಾಯಿಗೆ ಬಾಯಲ್ಲಿ ನೊರೆ ಬರುತ್ತದೆ. ಹಸಿದ ಕೆಂಚ ಒಮ್ಮೆ ಬಾಯಿ ಹಾಕಿ, ಉಗಿದು, ಒದ್ದೆ ಹುಲ್ಲಿಗೆ ಮೂತಿ ಉಜ್ಜಿಕೊಳ್ಳಲಿ. ಮುಂದೆ ಅದೇ ಕಪ್ಪೆ ಎದುರಾದಾಗ ಸುತ್ತುಹಾಕಿ ಹೋದರೆ ಸಾಕು, ಕಲಿತ ಅಂತ ಬರೆಯುವ ಅಗತ್ಯವೇ ಇಲ್ಲ.

ಸೊಗಡುಅವರೆ (ಚಿಂತಾಮಣಿ)

ನಾಯಿಗಳನ್ನು ಬಾವಿಗೆ ಬೀಳಿಸುವ ಭಾಗದ ಬಗ್ಗೆ ಯಾರೂ ಮಾತಾಡಿಲ್ಲ. ಅದು ನೀತಿಕಥೆಯ ನರಿ, ಈ ಕಥೆಯದಲ್ಲ. “ನರಿ ಬುದ್ಧಿ” ಅನ್ನುವ ಮಾತನ್ನು ಮಕ್ಕಳು ಆಗಲೇ ಕೇಳಿರುತ್ತಾರೆ. ಈ ಪುಸ್ತಕದಲ್ಲಾದರೂ ನರಿಗೆ ಮೋಸ ಗೊತ್ತಿಲ್ಲದಿರಲಿ, ಹಸಿವು ಮಾತ್ರ ಗೊತ್ತಿರಲಿ. ಮಾತೂ ಆಡಿಸಬೇಡಿ. ಕೆಂಚ ಒಂದೇ ಒಂದು ಮಾತಾಡಿದರೂ ಅವನೊಳಗೆ ಮನುಷ್ಯ ಬಂದು ಕೂರುತ್ತಾನೆ, ಆಮೇಲೆ ನಾಯಿಯೂ ಮಾತಾಡಬೇಕು, ಇಲಿಯೂ ಬೇಡಿಕೊಳ್ಳಬೇಕು. ಬೇಡಿಕೊಂಡ ಇಲಿಯನ್ನು ತಿಂದ ನಾಯಕನನ್ನು ಯಾವ ಮಗು ಇಷ್ಟಪಡುತ್ತದೆ?

ಬಂಡೆಸಾಲು (ಪಾವಗಡ)

ಸರಿಯಾಗಿ ಹೇಳಿದಿರಿ. ನಾಯಿ ಮಾತ್ರ ಇರಲೇಬೇಕು. ಊರ ಅಂಚಿನ ನಾಯಿಗಳೇ ಇವುಗಳ ದೊಡ್ಡ ಶತ್ರು, ಕಚ್ಚಿ ಕೊಲ್ಲುವುದರಿಂದಲೂ, ರೋಗ ಹಚ್ಚುವುದರಿಂದಲೂ. ರೋಗದ ವಿಷಯ ಕಥೆಯೊಳಗೆ ಬೇಡ. ಹಿಂಬದಿಯಲ್ಲಿ ದೊಡ್ಡವರಿಗೆ ಒಂದು ಪುಟ ಕೊಟ್ಟು ಅಲ್ಲಿ ಹೇಳಿ: ಊರ ನಾಯಿಗಳಿಗೆ ಲಸಿಕೆ ಹಾಕಿಸಿದರೆ ಬಯಲಿನ ನರಿಗೂ ರಕ್ಷಣೆ. ಬಿಲದ ಬಾಯಲ್ಲಿ ಮರಿ ಕಂಡರೆ ಎತ್ತಿಕೊಂಡು ಬರಬಾರದು, ತಾಯ್ತಂದೆ ಹತ್ತಿರದಲ್ಲೇ ಇರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮನೆಗೆ ತಂದು ಸಾಕುವಂತೆಯೂ ಇಲ್ಲ. ಅದೃಷ್ಟಕ್ಕೆ ಅಂತ ಮಾರುವ ನರಿಕೊಂಬು ಅನ್ನುವುದು ಇಲ್ಲವೇ ಇಲ್ಲ, ನರಿಗೆ ಕೊಂಬು ಬೆಳೆಯುವುದಿಲ್ಲ, ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ನಾಯಿ ಬೆನ್ನಟ್ಟಿದಾಗ ಕೆಂಚ ಗೆಲ್ಲುವುದು ವೇಗದಿಂದಲ್ಲ, ತಿರುವಿನಿಂದ. ನೇರ ಓಟದಲ್ಲಿ ನಾಯಿ ಹತ್ತಿರ ಬರುತ್ತದೆ, ನರಿ ತಟ್ಟನೆ ಹೊರಳುತ್ತದೆ, ನಾಯಿ ಮುಂದಕ್ಕೆ ಜಾರಿಹೋಗುತ್ತದೆ. ಹೀಗೆ ನಾಲ್ಕೈದು ಹೊರಳು, ಅಷ್ಟರಲ್ಲಿ ಬಿಲ ಸಿಗಬೇಕು. ಇವುಗಳ ಬಿಲಕ್ಕೆ ಒಂದೇ ಬಾಯಿ ಇರುವುದಿಲ್ಲ. ಆತುರಕ್ಕೆ ತೋಡಿದ್ದಕ್ಕೂ ಎರಡಿರುತ್ತದೆ, ಹಳೆಯ ಬಿಲಕ್ಕೆ ಇನ್ನೂ ಹೆಚ್ಚು. ಅದಕ್ಕೇ ಒಂಟಿಯಾದ ಮೇಲೆ ಕೆಂಚನಿಗೆ ಊಟದಷ್ಟೇ ಮುಖ್ಯ ಬಿಲದ ಹುಡುಕಾಟ: ಹೊಲದ ಬದು, ಬಂಡೆಯ ಬುಡ, ಖಾಲಿಬಿದ್ದ ಹಳೆಯ ಬಿಲ. ಮಳೆನೀರು ನುಗ್ಗದ ಎತ್ತರ ಬೇಕು. ತಗ್ಗಿನಲ್ಲಿ ತೋಡಿದ ಮೊದಲ ಬಿಲಕ್ಕೆ ಉತ್ತರೆ ಮಳೆ ನುಗ್ಗಿ ಅವನು ರಾತ್ರಿಯಿಡೀ ತಂಗಡಿ ಗಿಡದ ಅಡಿ ನೆನೆಯುತ್ತಾ ಕೂತರೆ ನಡುಭಾಗಕ್ಕೆ ಒಳ್ಳೆಯ ತಿರುವು.

ಪಾವಗಡದ ಕಡೆ ಕಥೆ ಎಳೆದರೆ ಸೌರ ಫಲಕಗಳ ಬಯಲು ಬರುತ್ತದೆ, ಸುಮಾರು 13,000 ಎಕರೆ. ಅದು ಬೇರೆಯದೇ ಕಥೆ. ಇದರಲ್ಲಿ ತುರುಕಬೇಡಿ, ಅದಕ್ಕೆ ಇನ್ನೊಂದು ಪುಸ್ತಕ ಬೇಕು.

ತಂಗಡಿಹೂ (ಮಧುಗಿರಿ)

ರಸ್ತೆ ಇರಬಹುದೇ?

ಬಂಡೆಸಾಲು (ಪಾವಗಡ)

ಇರಲಿ, ಒಂದು ಪುಟ. ದೀಪ ಕಣ್ಣಿಗೆ ಹೊಡೆದಾಗ ನಿಂತುಬಿಡುವುದೇ ತಪ್ಪು, ನರಿಗಳು ಸಾಯುವುದು ಹಾಗೇ. ಗಾಡಿ ಪಕ್ಕದಲ್ಲೇ ಹಾದು ಹೋಗಲಿ, ಕೆಂಚ ಬದುಕಲಿ, ಟಾರಿನ ವಾಸನೆ ಬಂದಲ್ಲೆಲ್ಲಾ ಮುಂದೆ ಅವನು ನಿಂತು ನಿಂತು ದಾಟಲಿ.

ಗೆರೆಬರಹ (ಕೋಲಾರ)

ಪುಸ್ತಕದ ಕಡೆಯಿಂದ. 3,400 ಪದ ಈ ವಯಸ್ಸಿನ ಚಿತ್ರಪುಸ್ತಕಕ್ಕೆ ಆಗದು. ನಡುಮಡಿಕೆಗೆ ಪಿನ್ ಹೊಡೆದ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲಿ ಬರುತ್ತವೆ, 24 ಪುಟ ಅಂದುಕೊಳ್ಳಿ. ಶೀರ್ಷಿಕೆ, ಮುದ್ರಣ ವಿವರಕ್ಕೆ ಎರಡು ಪುಟ, ಹಿಂದೆ ದೊಡ್ಡವರ ಪುಟಕ್ಕೆ ಎರಡು. ಉಳಿದದ್ದು 20, ಅಂದರೆ ಹತ್ತು ಜೋಡಿಪುಟ. ಜೋಡಿಪುಟಕ್ಕೆ 60-70 ಪದ. ಒಟ್ಟು 700 ಮೀರಬಾರದು. ಕತ್ತರಿಸುವಾಗ ವಿಶೇಷಣ ಕತ್ತರಿಸಿ, ಸದ್ದು ಉಳಿಸಿ. ಸರಸರ, ಪುರ್ರನೆ, ಚಟಚಟ ಇವು ಗಟ್ಟಿಯಾಗಿ ಓದುವವರ ಬಾಯಿಗೆ ಬೇಕು. ಚಿತ್ರದಲ್ಲಿ ಕಾಣುವುದನ್ನು ಬರೆಯುವುದೂ ಬೇಡ: ಬಾಲ ಕಪ್ಪು, ಹುಲ್ಲು ಹಳದಿ, ಅವೆಲ್ಲಾ ನನ್ನ ಕೆಲಸದ ಪಾಲು. ವಾಸನೆ, ಗಾಳಿ, ಹಸಿವು ಚಿತ್ರಕ್ಕೆ ಸಿಗುವುದಿಲ್ಲ, ಅವು ನಿಮ್ಮ ಪಾಲು.

ಅಕ್ಷರ 18 ಪಾಯಿಂಟ್ ಇಟ್ಟರೆ ಸಾಲಿನ ಅಂತರ ಕನಿಷ್ಠ 28 ಇರಲಿ. ಅದಕ್ಕಿಂತ ಕಮ್ಮಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಮೂರನೇ ತರಗತಿಯ ಮಗು ಅಲ್ಲೇ ಎಡವುತ್ತದೆ. ಪದವನ್ನು ಸಾಲಿನ ಕೊನೆಗೆ ಮುರಿಯಬೇಡಿ, ಬಲ ಅಂಚು ಅಂಕುಡೊಂಕಾಗಿದ್ದರೂ ಪರವಾಗಿಲ್ಲ.

ಚಿತ್ರಕ್ಕೆ ಒಂದು ಸಂದೇಹ: ಓಡುವಾಗ ಬಾಲ ಹೇಗಿರುತ್ತದೆ?

ಬಂಡೆಸಾಲು (ಪಾವಗಡ)

ನಡೆಯುವಾಗ ಇಳಿಬಿದ್ದಿರುತ್ತದೆ. ಓಡುವಾಗ ನೆಲಕ್ಕೆ ಸಮನಾಗಿ ಹಿಂದಕ್ಕೆ ಚಾಚಿರುತ್ತದೆ. ತಟ್ಟನೆ ಹೊರಳುವಾಗ ಹೆಚ್ಚುಕಮ್ಮಿ ನೆಟ್ಟಗೆ ಮೇಲಕ್ಕೇಳುತ್ತದೆ. ನಾಯಿ ಪುಟದಲ್ಲಿ ಮೂರನ್ನೂ ಬರೆಯಬಹುದು. ಕಿವಿಯ ಹಿಂಬದಿ ಕಡುಕಂದು, ಅಂಚು ಕಪ್ಪು.

ಕೆರೆಕೋಡಿ (ಗೌರಿಬಿದನೂರು)

ಕೊನೆ ಏನಾಯಿತು? ತಾಯಿ ಸಿಗುವುದೋ ಇಲ್ಲವೋ? ಆರು ತಿಂಗಳ ಕಷ್ಟದ ಕೊನೆಗೆ ಏನೂ ಸಿಗದಿದ್ದರೆ ಮಕ್ಕಳಿಗೆ ಅನ್ಯಾಯ.

ಜಾಲಿನೆರಳು (ಸಿರಾ)

ತಾಯಿ ಸಿಗಬಾರದು. ಡಿಸೆಂಬರ್‌ಗೆ ಅವಳು ಮುಂದಿನ ಮರಿಗಳಿಗೆ ತಯಾರಿ, ಕೆಂಚ ಅವಳಿಗೆ ಮತ್ತೊಂದು ದೊಡ್ಡ ನರಿ ಅಷ್ಟೆ. ಆದರೆ ಬರಿಗೈ ಬೇಡ ಅನ್ನುವುದು ಸರಿ. ಡಿಸೆಂಬರ್ ಅಂದರೆ ಜೋಡಿ ಹುಡುಕುವ ಕಾಲ. ಹೊಲದಲ್ಲಿ ಅವರೆ ಸೊಗಡು, ನೆಲದಲ್ಲಿ ಇಬ್ಬನಿ, ಗಾಳಿ ನಿಂತಿದೆ. ಆಷಾಢದಲ್ಲಿ ಏನೂ ಕೇಳದ ಕಿವಿಗೆ ಈಗ ಎಲ್ಲವೂ ಕೇಳುತ್ತದೆ. ಅಲ್ಲೊಂದು ಸದ್ದು ಬರಲಿ, ಇಲಿಯದಲ್ಲದ್ದು.

ತಂಗಡಿಹೂ (ಮಧುಗಿರಿ)

ಕೊನೆಯ ಜೋಡಿಪುಟ ಹೀಗೆ ಬರೆದೆ: “ಗಾಳಿ ನಿಂತಿತ್ತು. ಕೆಂಚ ನಿಂತ. ಒಂದು ಕಾಲು ಮೇಲೆ, ಎರಡು ಕಿವಿ ಮುಂದೆ. ಬದುವಿನ ಆಚೆ ಸರ್... ಸರ್... ಇಲಿ ಅಲ್ಲ. ಕಪ್ಪೆ ಅಲ್ಲ. ನಾಯಿ ಅಲ್ಲ. ಕೆಂಚ ಹಾರಲಿಲ್ಲ. ಕಾದ. ಬದುವಿನ ಆಚೆ ಇದ್ದದ್ದೂ ಕಾಯಿತು.” ಮುಂದಿನ ಪುಟದಲ್ಲಿ ಮಾತಿಲ್ಲ, ಬೆಳಗ್ಗೆ ಹಸಿ ಮಣ್ಣಿನ ಮೇಲಿನ ಹೆಜ್ಜೆ ಮಾತ್ರ. ಒಟ್ಟು ಈಗ 680 ಪದ. ಹೆಜ್ಜೆ ಹೇಗೆ ಬರೆಯಬೇಕು ಅಂತ ಗೆರೆಬರಹದವರಿಗೆ ಯಾರಾದರೂ ಹೇಳಿ.

ಬಂಡೆಸಾಲು (ಪಾವಗಡ)

ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ. ಚುಕ್ಕೆ ಬಿಟ್ಟರೆ ಬೆಕ್ಕಿನದಾಗುತ್ತದೆ. ಹದವಾದ ಚುರುಕು ನಡೆಯಲ್ಲಿ ನರಿ ಸಾಗಿದರೆ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬೀಳುತ್ತದೆ, ಹಾಗಾಗಿ ದಾರದಲ್ಲಿ ಪೋಣಿಸಿದ ಹಾಗೆ ಒಂದೇ ಸಾಲು. ಕೆಂಚನ ಸಾಲು ಬಲದಿಂದ ಬರಲಿ, ಅಂದರೆ ಮೂಡಣದಿಂದ. ಇನ್ನೊಂದು ಬದುವಿನ ಆಚೆಯಿಂದ ಇಳಿಯಲಿ. ನಡುವೆ ಒಂದು ಕಲ್ಲು ಇಡಿ, ಇವು ಎದ್ದು ಕಾಣುವ ಕಲ್ಲಿನ ಮೇಲೆ ಹಿಕ್ಕೆ ಹಾಕಿ ಗುರುತು ಬಿಡುತ್ತವೆ. ಎರಡೂ ಸಾಲು ಆ ಕಲ್ಲಿನ ಹತ್ತಿರ ಬಂದು ನಿಲ್ಲಬೇಕು, ಅಲ್ಲಿ ಹೆಜ್ಜೆ ಒತ್ತೊತ್ತಾಗಿ, ಒಂದರ ಮೇಲೊಂದು. ಆಮೇಲೆ ಮೊಳದಷ್ಟು ಅಂತರ ಬಿಟ್ಟು ಎರಡೂ ಪಡುವಣಕ್ಕೆ.

ಗೆರೆಬರಹ (ಕೋಲಾರ)

ಎರಡನೆಯ ಸಾಲಿನ ಹೆಜ್ಜೆ ಸ್ವಲ್ಪ ಚಿಕ್ಕದಾಗಿ ಬರೆಯುತ್ತೇನೆ. ಪುಟದ ಎಡ ಅಂಚಿನಲ್ಲಿ ಎರಡೂ ಹೊರಗೆ ಹೋಗಲಿ.